ಗರಿ ಯಾರ ಮುಡಿಯದು?

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಮಳೆಗಾಲ ಹಿಂದೆ ಸರಿದು, ಅಡಕೆಯ ಕೊಯ್ಲು ಒಂದು ಹದಕ್ಕೆ ಬಂದ ಮೇಲೆ, ಸಭೆ ಸಮಾರಂಭಗಳ ಋತುವೊಂದು ತಾನಾಗಿಯೇ ತೆರೆದುಕೊಳ್ಳುತ್ತದೆ. ಸಹಕಾರ ಸಂಘದ ವಾರ್ಷಿಕೋತ್ಸವವೋ, ಊರ ಶಾಲೆಯ ಸುವರ್ಣಮಹೋತ್ಸವವೋ, ಯಕ್ಷಗಾನ ಮಂಡಳಿಯ ವರ್ಧಂತಿಯೋ ಏನೇ ಇರಲಿ, ಅಲ್ಲಿ ಯಾರಾದರೊಬ್ಬ ಹಿರಿಯರನ್ನು ಕುಳ್ಳಿರಿಸಿ, ಶಾಲು ಹೊದಿಸಿ, ಪೇಟ ತೊಡಿಸಿ, ಫಲತಾಂಬೂಲವನ್ನಿತ್ತು, ಚೌಕಟ್ಟು ಕಟ್ಟಿಸಿದ ಬಿನ್ನವತ್ತಳೆಯೊಂದನ್ನು ಸಭೆಗೆ ಕೇಳುವಂತೆ ಓದಿ ಸಮರ್ಪಿಸುವ ಸಂಪ್ರದಾಯವು ತಪ್ಪದೆ ನಡೆದುಬರುತ್ತಿದೆ. ಈ ಸಂಪ್ರದಾಯವು ಸತ್ಸಂಪ್ರದಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಒಂದು ಜೀವಮಾನದ ದುಡಿಮೆಯನ್ನು ಹತ್ತು ಜನರ ಎದುರಿನಲ್ಲಿ ನಿಂತು ಹೆಸರಿಸುವುದಕ್ಕಿಂತ ಹೆಚ್ಚಿನ ಕೃತಜ್ಞತೆಯನ್ನು ಒಂದು ಗ್ರಾಮವು ತೋರಿಸಲಾರದು. ಆದುದರಿಂದಲೇ ಆ ಬಿನ್ನವತ್ತಳೆಯ ಭಾಷೆಯೂ, ಮರುದಿನದ ಪತ್ರಿಕೆಯಲ್ಲಿ ಬರುವ ವರದಿಯ ಭಾಷೆಯೂ ವಿಚಾರಕ್ಕೆ ಅರ್ಹವಾಗಿವೆ. ಅವುಗಳಲ್ಲಿ ಈಚೆಗೆ ಎಡೆಬಿಡದೆ ಕಾಣಿಸಿಕೊಳ್ಳುವ ಒಂದು ಮಾತು, ‘ಕೀರ್ತಿಕಿರೀಟಕ್ಕೆ ಮತ್ತೊಂದು ಗರಿ’ ಎಂಬುದು.

ಮಾತು ನಮ್ಮದಲ್ಲ, ‘ಎ ಫೆದರ್ ಇನ್ ಒನ್ಸ್ ಕ್ಯಾಪ್’ ಎಂಬ ಇಂಗ್ಲಿಷ್ ನುಡಿಗಟ್ಟು ವೃತ್ತಪತ್ರಿಕೆಗಳ ಮಾರ್ಗವಾಗಿ ನಮ್ಮಲ್ಲಿಗೆ ಬಂದು ನೆಲೆನಿಂತಿದೆ. ಹೊರಗಿನಿಂದ ಬಂದುದೆಂಬ ಕಾರಣಕ್ಕೆ ಅದನ್ನು ದೂರವಿಡಬೇಕೆಂದು ನಾನು ಹೇಳುವವನಲ್ಲ; ಗೋಪಾಲಕೃಷ್ಣನ ಮುಡಿಯಲ್ಲಿ ನವಿಲುಗರಿಯನ್ನು ಕಂಡು ಬೆಳೆದ ಜನಕ್ಕೆ ತಲೆಯ ಮೇಲಣ ಗರಿ ಅಪರಿಚಿತವಾಗುವ ಸಂಭವವೂ ಇಲ್ಲ. ಆದರೆ ಎರವಲು ತಂದ ಆಯುಧವನ್ನು ಹಿಡಿಯುವ ಮುನ್ನ ಅದರ ಹಿಡಿ ಯಾವುದು, ಅಲಗು ಯಾವುದು ಎಂಬುದನ್ನು ತಿಳಿದುಕೊಳ್ಳುವುದು ಕ್ಷೇಮ. ಈ ನುಡಿಗಟ್ಟಿನ ಹಿಂದೆ ಒಂದು ಲೆಕ್ಕಾಚಾರವಿದೆ. ಶತ್ರುವನ್ನು ಜಯಿಸಿದ ಯೋಧನು ಆ ಜಯದ ಗುರುತಾಗಿ ಶಿರಸ್ತ್ರಾಣದಲ್ಲಿ ಗರಿಯೊಂದನ್ನು ಸಿಕ್ಕಿಸಿಕೊಳ್ಳುವ ಪದ್ಧತಿ ಲೋಕದ ಹಲವು ಜನಾಂಗಗಳಲ್ಲಿ ಇದ್ದಿತು. ಹಂಗೆರಿ ದೇಶವನ್ನು ವರ್ಣಿಸಿ 1599ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವೊಂದು, ತುರ್ಕ ಸೈನಿಕನನ್ನು ಕೊಂದವನ ಹೊರತು ಮತ್ತಾರೂ ಅಲ್ಲಿ ಗರಿಯನ್ನು ಧರಿಸುವಂತಿರಲಿಲ್ಲವೆಂದೂ, ಟೋಪಿಯ ಗರಿಗಳನ್ನು ಎಣಿಸಿದರೆ ಹತರಾದ ಶತ್ರುಗಳ ಸಂಖ್ಯೆ ತಿಳಿಯುತ್ತಿದ್ದಿತೆಂದೂ ಹೇಳುತ್ತದೆ. ಅಂದರೆ ಒಂದು ಗರಿಗೆ ಒಂದು ಕಾರ್ಯ, ಕಾರ್ಯವಿಲ್ಲದೆ ಗರಿಯಿಲ್ಲ, ಧರಿಸತಕ್ಕವನು ಕಾರ್ಯವೆಸಗಿದವನೇ ಹೊರತು ಅವನ ಬಂಧುವಲ್ಲ, ನೆರೆಯವನಲ್ಲ, ಊರಲ್ಲ. ಯುದ್ಧದ ಕ್ರೌರ್ಯವು ಕಾಲಕ್ರಮದಲ್ಲಿ ನುಡಿಯಿಂದ ಕಳಚಿಹೋದರೂ ಈ ಮೂರು ನಿಯಮಗಳು ಅದರ ಗರ್ಭದಲ್ಲಿ ಉಳಿದಿವೆ, ಮತ್ತು ಇಂಗ್ಲಿಷನ್ನು ಎಚ್ಚರದಿಂದ ಬರೆಯುವವರು ಇಂದಿಗೂ ಅವನ್ನು ಪಾಲಿಸುತ್ತಾರೆ.

ಕನ್ನಡಕ್ಕೆ ಬರುವಾಗ ಟೋಪಿಯ ಸ್ಥಾನದಲ್ಲಿ ಕಿರೀಟ ಬಂದಿತು. ಇದರಿಂದ ಅರ್ಥದಲ್ಲಿ ಒಂದು ಪಲ್ಲಟವಾಯಿತೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಟೋಪಿ ಎಲ್ಲರ ತಲೆಯ ಮೇಲೂ ಇರಬಹುದು; ಕಿರೀಟವಾದರೋ ಪಟ್ಟವಾದವನ ತಲೆಯ ಮೇಲೆ ಮಾತ್ರ ಇರತಕ್ಕದ್ದು. ‘ಕಿರೀಟಕ್ಕೆ ಮತ್ತೊಂದು ಗರಿ’ ಎಂದೊಡನೆ ಆ ವ್ಯಕ್ತಿ ಈಗಾಗಲೇ ಕಿರೀಟಧಾರಿಯೆಂದೂ, ಅದರಲ್ಲಿ ಕೆಲವು ಗರಿಗಳು ಮೊದಲೇ ಇವೆಯೆಂದೂ, ಈಗ ಬಂದಿರುವುದು ಅವುಗಳ ಸಾಲಿಗೆ ಸೇರುವ ಒಂದು ಅಲಂಕಾರವೆಂದೂ ಹೇಳಿದಂತಾಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿದ ಬಾಲಕಿಯೊಬ್ಬಳ ವಿಷಯದಲ್ಲಿ ಈ ಮಾತನ್ನು ಬರೆದರೆ, ಅವಳ ಪಾಲಿಗೆ ಅದು ಮೊದಲನೆಯದೂ, ಆ ಕ್ಷಣದ ಮಟ್ಟಿಗೆ ಸರ್ವಸ್ವವೂ ಆಗಿರುವ ಸಾಧನೆಯನ್ನು ಯಾವುದೋ ಇಲ್ಲದ ಕಿರೀಟದ ಅಂಚಿಗೆ ಸಿಕ್ಕಿಸಿದಂತಾಗುವುದು. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನ ಮೊದಲಾದ ಎಳೆಯ ವೀರರಿಗೆ ಕೇದಗೆ ಮುಂದಲೆಯನ್ನು ಕಟ್ಟುವರೇ ಹೊರತು ಕರ್ಣನ ಮುಂಡಾಸನ್ನು ಕಟ್ಟುವುದಿಲ್ಲ. ಅದರಿಂದ ಅಭಿಮನ್ಯುವಿನ ಗೌರವಕ್ಕೆ ಕುಂದೇನೂ ಬಂದಿಲ್ಲ, ಚೌಕಿಯಿಂದ ಅವನು ಹೊರಬಿದ್ದೊಡನೆ ಅವನಾರೆಂಬುದು ಸಭೆಗೆ ತಿಳಿಯುತ್ತದೆ. ಬರವಣಿಗೆಯಲ್ಲಿಯೂ ವೇಷವು ಪಾತ್ರಕ್ಕೆ ತಕ್ಕುದಾಗಿರಬೇಕು.

ಸಾಧನೆಯನ್ನು ಲಿಖಿತರೂಪದಲ್ಲಿ ಶಾಶ್ವತಗೊಳಿಸುವ ವಿದ್ಯೆಯನ್ನು ಈ ನೆಲವು ಇಂಗ್ಲಿಷಿನಿಂದ ಕಲಿಯಬೇಕಾಗಿರಲಿಲ್ಲ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟವು ಸೊರಬದ ಜೊತೆಗೆ ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿಗೇ ಮೀಸಲಾದುದು. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ಆ ಸಂಪುಟದ ಪುಟಗಳಲ್ಲಿಯೂ, ನಮ್ಮ ಗದ್ದೆಬದುಗಳಲ್ಲಿಯೂ ದೇವಾಲಯದ ಅಂಗಳಗಳಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ಓದಿದವರಿಗೆ ಅವುಗಳ ಬರವಣಿಗೆಯ ಶಿಸ್ತು ಮನಮುಟ್ಟದೆ ಇರದು. ಯಾವ ಅರಸನು ಆಳುತ್ತಿದ್ದನು, ಯಾವ ಸಂವತ್ಸರ, ಯಾವ ಊರು, ಯಾರ ಮಗ, ಏತಕ್ಕಾಗಿ ಹೋರಾಡಿದನು ಎಂಬ ಸಂಗತಿಗಳು ಮೊದಲು ಬರುತ್ತವೆ. ತುರುಗೋಳಿನಲ್ಲಿ ದನಗಳನ್ನು ಮರಳಿ ತಂದು ಮಡಿದವನೋ, ಪೆಣ್ಬುಯ್ಯಲಿನಲ್ಲಿ ಊರ ಹೆಣ್ಣುಮಕ್ಕಳ ಮಾನವನ್ನು ಕಾಯ್ದು ಮಡಿದವನೋ ಎಂಬುದು ಕಲ್ಲಿನಿಂದಲೇ ತಿಳಿಯುತ್ತದೆ. ಕೆಳಗಣ ಪಟ್ಟಿಕೆಯಲ್ಲಿ ಯುದ್ಧ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಣ ಪಟ್ಟಿಕೆಯಲ್ಲಿ ದೇವಸನ್ನಿಧಿ. ಸ್ವರ್ಗಕ್ಕೆ ಹೋಗುವ ಮುನ್ನ ಯುದ್ಧವನ್ನು ತೋರಿಸಲೇಬೇಕು. ಕಾರ್ಯವನ್ನು ಹೇಳದೆ ಕೀರ್ತಿಯನ್ನು ಹೇಳುವ ಅವಸರ ಆ ಕಲ್ಲುಕುಟಿಗರಿಗೆ ಇರಲಿಲ್ಲ.

ಹೊಗಳಿಕೆಯನ್ನೂ ಅವರು ಬಲ್ಲರು. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರ ಮನೆತನದ ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಗೆ ‘ಉರ್ವೀತಿಲಕ’ವೆಂಬ ಹೆಸರನ್ನಿಟ್ಟರು. ಭೂಮಿಯ ಹಣೆಗೆ ಇಟ್ಟ ತಿಲಕ ಎಂಬ ಈ ಮಾತು ಅತಿಶಯೋಕ್ತಿಯಲ್ಲವೇ ಎಂದು ಕೇಳಬಹುದು, ಅತಿಶಯೋಕ್ತಿಯೇ ಸರಿ. ಆದರೆ ಆ ಮಾತು ನಿಂತಿರುವುದು ಕಣ್ಣಿಗೆ ಕಾಣುವ ಒಂದು ಕಟ್ಟಡದ ಮೇಲೆ, ಹೆಸರಿರುವ ಒಬ್ಬ ಸ್ತ್ರೀಯ ಸಂಕಲ್ಪದ ಮೇಲೆ, ಗೊತ್ತಾದ ಒಂದು ವರ್ಷದ ಮೇಲೆ. ಬುಡ ಭದ್ರವಾಗಿರುವಲ್ಲಿ ಅಲಂಕಾರವು ಎಷ್ಟು ಎತ್ತರಕ್ಕೆ ಏರಿದರೂ ಬೀಳುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪಾಠವನ್ನು ಸಾಗರದ ನೆರೆಯ ಕೆಳದಿಯೇ ನಮಗೆ ಕಲಿಸುತ್ತದೆ. ಕೆಳದಿಯ ನಾಯಕರ ಬಿರುದುಗಳಲ್ಲಿ ‘ಎಡವಮುರಾರಿ’, ‘ಕೋಟೆಕೋಲಾಹಲ’ ಎಂಬೆರಡು ಪ್ರಸಿದ್ಧವಾದುವು. ಮೊದಲನೆಯದು ವಂಶದ ಆದಿಪುರುಷರಿಗಾಗಿ ಪ್ರಾಣವನ್ನರ್ಪಿಸಿದ ಎಡವ, ಮುರಾರಿ ಎಂಬ ಇಬ್ಬರು ಸೇವಕರ ಹೆಸರಿನಿಂದ ಬಂದುದೆಂದು ಪರಂಪರೆ ಹೇಳುತ್ತದೆ; ಎರಡನೆಯದು ವಿಜಯನಗರದ ಪಕ್ಷದಲ್ಲಿ ನಿಂತು ಶತ್ರುಗಳ ಕೋಟೆಗಳನ್ನು ಹಿಡಿದ ಸದಾಶಿವನಾಯಕನ ಪರಾಕ್ರಮಕ್ಕೆ ಸಂದುದು. ಹುಟ್ಟಿದಾಗ ಎರಡೂ ನಿಜವಾದ ಗರಿಗಳೇ. ಆದರೆ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಸಾಗಿದಂತೆ ಈ ಬಿರುದುಗಳೂ ಸಿಂಹಾಸನದೊಡನೆ ಸಾಗಿ, ಮುಂದಿನವರ ದಾನಶಾಸನಗಳಲ್ಲಿ, ಅವರು ಕೋಟೆ ಹಿಡಿದಿರಲಿ ಹಿಡಿಯದಿರಲಿ, ಹೆಸರಿನ ಹಿಂದೆ ತಪ್ಪದೆ ಬರತೊಡಗಿದುವು. ಆಗ ಅವುಗಳಿಂದ ಅರಸನ ವಿಷಯವಾಗಿ ನಾವು ತಿಳಿಯುವುದೇನೂ ಉಳಿಯಲಿಲ್ಲ. ಅದೇ ಪೀಠದಲ್ಲಿ ಕುಳಿತ ರಾಣಿ ಚೆನ್ನಮ್ಮಾಜಿಯನ್ನು ನೆನೆಯುವಾಗ ಜನ ಈ ಬಿರುದುಗಳಲ್ಲಿ ಒಂದನ್ನಾದರೂ ಉಚ್ಚರಿಸುತ್ತಾರೆಯೇ? ಇಲ್ಲ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಎನ್ನುತ್ತಾರೆ. ಅಷ್ಟರಿಂದಲೇ ಅವಳ ಎತ್ತರ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ‘ಕಿರೀಟಕ್ಕೆ ಮತ್ತೊಂದು ಗರಿ’ಗೂ ಇಂದು ಆ ವಂಶಪಾರಂಪರ್ಯದ ಬಿರುದಿನ ಗತಿಯೇ ಒದಗುತ್ತಿದೆಯೆಂಬುದು ನನ್ನ ವ್ಯಥೆ.

ಮಾತನ್ನು ಸರಿಯಾಗಿ ಬಳಸುವುದಕ್ಕೆ ಉದಾಹರಣೆ ಬೇಕಾದರೆ ಈ ಮೂರು ತಾಲ್ಲೂಕುಗಳನ್ನು ದಾಟಿ ಹೋಗಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಜನಿಸಿದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಸಾಲಿನಲ್ಲಿ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಅನಂತರ ‘ತಬರನ ಕಥೆ’ಗೆ 1986ರ ಸಾಲಿನಲ್ಲಿಯೂ, ‘ತಾಯಿ ಸಾಹೇಬ’ಕ್ಕೆ 1997ರ ಸಾಲಿನಲ್ಲಿಯೂ, ‘ದ್ವೀಪ’ಕ್ಕೆ 2001ರ ಸಾಲಿನಲ್ಲಿಯೂ ಅದೇ ಗೌರವ ದೊರೆಯಿತು. ಈ ನಾಲ್ಕನೆಯ ಸಂದರ್ಭದಲ್ಲಿ ‘ಕಾಸರವಳ್ಳಿಯವರ ಮುಡಿಗೆ ಮತ್ತೊಂದು ಗರಿ’ ಎಂದು ಒಬ್ಬ ವರದಿಗಾರನು ಬರೆದಿದ್ದರೆ ಅವನ ಲೇಖನಿಯನ್ನು ಯಾರೂ ತಡೆಯಬೇಕಾಗಿರಲಿಲ್ಲ. ಮುಂಚಿನ ಗರಿಗಳಿವೆ, ಅವು ಎಣಿಕೆಗೆ ಸಿಕ್ಕುತ್ತವೆ, ಹೊಸದೂ ಅದೇ ಜಾತಿಯದು, ಧರಿಸುವವನು ಕೃತಿಯ ಕರ್ತೃವೇ.

ಆದರೆ ಅದೇ ‘ದ್ವೀಪ’ದ ವಿಷಯದಲ್ಲಿಯೇ ಜಾಗರೂಕತೆ ಬೇಕಾಗುವ ಇನ್ನೊಂದು ಮಗ್ಗುಲಿದೆ. ಆ ಚಿತ್ರದ ಮೂಲ ಸಾಗರದ ಹಿರಿಯ ಲೇಖಕ ನಾ. ಡಿಸೋಜ ಅವರ ಕಾದಂಬರಿ. ಸ್ವರ್ಣಕಮಲವು ಚಿತ್ರಕ್ಕೆ ಬಂದುದು. ಅದು ನಿರ್ದೇಶಕರಿಗೂ, ನಿರ್ಮಾಪಕಿಯಾಗಿದ್ದ ನಟಿ ಸೌಂದರ್ಯ ಅವರಿಗೂ ಸಲ್ಲತಕ್ಕದ್ದು. ಕಾದಂಬರಿಯ ಹಿರಿಮೆ ಬೇರೆ, ಅದಕ್ಕೆ ಬೇರೆಯವರ ಗರಿಯ ಆವಶ್ಯಕತೆಯಿಲ್ಲ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವರ ದುಃಖವನ್ನು ಜೀವಮಾನವಿಡೀ ಬರೆದ ಆ ಲೇಖಕರಿಗೆ 2011ರಲ್ಲಿ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕೃತಿಗಾಗಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. 2014ರಲ್ಲಿ ಮಡಿಕೇರಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅವರವರದನ್ನು ಅವರವರಿಗೆ ಸಲ್ಲಿಸಿದರೆ ಇಬ್ಬರ ಗೌರವವೂ ಉಳಿಯುತ್ತದೆ.

ಮುಳುಗಡೆಯ ಮಾತು ಬಂದುದರಿಂದ ಇಲ್ಲಿಯೇ ಒಂದು ಮಾತನ್ನು ಹೇಳಬೇಕು. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಪೂರ್ಣವಾಯಿತು. 1948ರ ಹೊತ್ತಿಗೆ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೇ ಈ ಹೊಸ ಜಲಾಶಯದಲ್ಲಿ ಅಡಗಿಹೋಗಿ, ಬೇಸಗೆಯಲ್ಲಿ ನೀರು ಇಳಿದಾಗ ಮಾತ್ರ ತಲೆಯೆತ್ತುತ್ತದೆ. ನಾಡಿಗೆ ವಿದ್ಯುತ್ತನ್ನಿತ್ತ ಆ ಮಹಾಕಾರ್ಯವನ್ನು ರಾಜ್ಯದ ಕಿರೀಟದ ಗರಿಯೆಂದು ಬರೆಯುವುದು ಸುಲಭ. ಆದರೆ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಮನೆ, ಗದ್ದೆ, ತೋಟ, ದೈವದ ಬನಗಳನ್ನು ಬಿಟ್ಟು ಎದ್ದು ಹೋದ ಕುಟುಂಬಗಳ ಮುಂದೆ ಆ ವಾಕ್ಯವನ್ನು ಗಟ್ಟಿಯಾಗಿ ಓದಲು ನನ್ನಿಂದಾಗದು. ಒಂದು ಕಾರ್ಯದ ಬೆಲೆಯನ್ನು ತೆತ್ತವರು ಬೇರೆ, ಫಲವನ್ನು ಉಂಡವರು ಬೇರೆ ಆಗಿರುವಲ್ಲಿ ಅಲಂಕಾರದ ಮಾತು ಅಪಚಾರಕ್ಕೆ ಸಮಾನ. ಅಲ್ಲಿ ಅಣೆಕಟ್ಟಿನ ವಿವರವನ್ನೂ, ಮುಳುಗಿದ ಊರುಗಳ ಹೆಸರುಗಳನ್ನೂ ಒಂದೇ ಕಂಡಿಕೆಯಲ್ಲಿ ಬರೆಯುವುದೇ ಯೋಗ್ಯವಾದ ದಾರಿ.

ಗರಿಗೆ ಮೀರಿದುದನ್ನು ಗರಿಯೆನ್ನುವುದು ಇನ್ನೊಂದು ದೋಷ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಪ್ರಕಟವಾಯಿತು. 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ, 1967ರ ಸಾಲಿನ ಜ್ಞಾನಪೀಠವನ್ನೂ ಅದೇ ಮಹಾಕಾವ್ಯವು ತಂದಿತು. ಎರಡನೆಯದು ಗುಜರಾತಿಯ ಉಮಾಶಂಕರ ಜೋಶಿಯವರೊಡನೆ ಹಂಚಿಕೊಂಡ ಪ್ರಶಸ್ತಿ, ಮತ್ತು ಕನ್ನಡಕ್ಕೆ ದೊರೆತ ಮೊತ್ತಮೊದಲ ಜ್ಞಾನಪೀಠ. ಇಂಥಲ್ಲಿ ಪ್ರಶಸ್ತಿಯನ್ನು ಗರಿಯೆನ್ನಬಹುದಾದರೂ ಕಾವ್ಯವನ್ನು ಗರಿಯೆನ್ನಲಾಗದು. ಕಾವ್ಯವು ಕಿರೀಟವೂ ಅಲ್ಲ. ಕಿರೀಟವನ್ನು ಹೊತ್ತ ಶಿರಸ್ಸು. ತನ್ನ ಮಹಾಕೃತಿಗಳು ಪ್ರಶಸ್ತಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಕರಗಿಹೋಗುವುದನ್ನು ಯಾವ ಕವಿಯೂ ಬಯಸಲಾರನು, ಆದರೂ ನಮ್ಮ ಪರಿಚಯಲೇಖನಗಳಲ್ಲಿ ಬಹುಪಾಲು ಹಾಗೆಯೇ ಆಗುತ್ತದೆ: ಪದ್ಮಭೂಷಣ, ರಾಷ್ಟ್ರಕವಿ, ಪಂಪ ಪ್ರಶಸ್ತಿ, ಕರ್ನಾಟಕ ರತ್ನ ಎಂದು ಬರೆದುಕೊಂಡು ಹೋಗುವ ಕೈಗೆ ‘ಮಲೆಗಳಲ್ಲಿ ಮದುಮಗಳು’ ಎಂದು ಬರೆಯುವಷ್ಟರಲ್ಲಿ ಸ್ಥಳವೇ ಮುಗಿದಿರುತ್ತದೆ.

ಅದೇ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿಯವರಿಗೆ 1994ರಲ್ಲಿ ಬಂದ ಜ್ಞಾನಪೀಠದ ಸ್ವರೂಪವು ಬೇರೆ. ಕುವೆಂಪು ಅವರ ಕಾಲದಲ್ಲಿ ಒಂದು ಗ್ರಂಥವನ್ನು ಹೆಸರಿಸಿ ಕೊಡುತ್ತಿದ್ದ ಆ ಪ್ರಶಸ್ತಿಯನ್ನು ಅಷ್ಟರಲ್ಲಿ ಲೇಖಕನ ಸಮಗ್ರ ಸಾಹಿತ್ಯಸೇವೆಗೆ ಕೊಡುವ ಪದ್ಧತಿ ರೂಢಿಯಾಗಿದ್ದಿತು. ಆದ್ದರಿಂದ ‘ಸಂಸ್ಕಾರಕ್ಕೆ ಜ್ಞಾನಪೀಠ’ ಎಂದು ಬರೆಯುವುದು, ಆ ಕಾದಂಬರಿಯ ಖ್ಯಾತಿ ಎಷ್ಟೇ ಇದ್ದರೂ, ಪ್ರಮಾದ. 2013ರಲ್ಲಿ ಮ್ಯಾನ್ ಬೂಕರ್ ಅಂತಾರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿದ್ದಿತು. ಪ್ರಶಸ್ತಿ ಅಮೆರಿಕದ ಲಿಡಿಯಾ ಡೇವಿಸ್ ಅವರಿಗೆ ಸಂದಿತು. ಲೋಕದ ಹತ್ತು ಮಂದಿ ಲೇಖಕರ ಸಾಲಿನಲ್ಲಿ ಮಲೆನಾಡಿನ ಒಬ್ಬ ಕನ್ನಡಿಗನು ನಿಂತುದು ತಾನೇ ತಾನಾಗಿ ಮಾನ್ಯವಾದ ಸಂಗತಿ, ಅದನ್ನು ಇದ್ದಂತೆಯೇ ಬರೆಯಬೇಕು. ಗೆಲ್ಲದ ಪ್ರಶಸ್ತಿಯನ್ನು ಗೆದ್ದಂತೆ ಧ್ವನಿಸುವ ವಾಕ್ಯವು ಗೆದ್ದ ಪ್ರಶಸ್ತಿಗಳ ಮೇಲೂ ಓದುಗನಿಗೆ ಸಂಶಯವನ್ನು ಹುಟ್ಟಿಸುತ್ತದೆ.

ಇನ್ನು ಗರಿಯನ್ನು ಊರಿಗೆ ಮುಡಿಸುವ ಪ್ರಶ್ನೆ. ‘ತಾಲ್ಲೂಕಿನ ಕಿರೀಟಕ್ಕೆ ಗರಿ’ ಎಂಬುದು ವರದಿಗಾರರ ಪ್ರಿಯವಾಕ್ಯ. ಹುಟ್ಟಿದ ಊರಿಗೆ ಅಭಿಮಾನಪಡುವ ಹಕ್ಕಿದೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅಭಿಮಾನ ಬೇರೆ, ಕರ್ತೃತ್ವ ಬೇರೆ. ಊರಿಗೆ ನಿಜವಾಗಿಯೂ ಪಾಲಿರುವ ಸಾಧನೆ ಹೇಗಿರುತ್ತದೆಂಬುದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡು ಸಾಕ್ಷಿ. 1949ರಲ್ಲಿ ಆ ಹಳ್ಳಿಯ ತರುಣರು ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಕಾಲಕ್ರಮದಲ್ಲಿ ನೀನಾಸಮ್ ಆಗಿ ಬೆಳೆಯಿತು; 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ಊರೂರಿಗೆ ನಾಟಕವನ್ನು ಕೊಂಡೊಯ್ಯುವ ತಿರುಗಾಟವೂ ಆರಂಭವಾದುವು; ಸಂಘವನ್ನು ಮುನ್ನಡೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಪ್ರಶಸ್ತಿಪತ್ರದಲ್ಲಿರುವುದು ಒಬ್ಬರ ಹೆಸರು. ಆ ಕೆಲಸದಲ್ಲಿ ತೋಟದ ದುಡಿಮೆ ಮುಗಿಸಿ ಬಂದು ಬಣ್ಣ ಹಚ್ಚಿದವರು, ಪರದೆ ಕಟ್ಟಿದವರು, ಮಳೆಗಾಲದ ರಾತ್ರಿ ಲೋಕದ ಶ್ರೇಷ್ಠ ಚಲಚ್ಚಿತ್ರಗಳನ್ನು ನೋಡಲು ಕುಳಿತವರು ಎಲ್ಲರೂ ಇದ್ದಾರೆ. ಇಲ್ಲಿ ಹೆಗ್ಗೋಡಿಗೂ ಗರಿಯಲ್ಲಿ ಭಾಗವುಂಟೆಂದು ಬರೆಯಬಹುದು, ಏಕೆಂದರೆ ಭಾಗವನ್ನು ವಿವರಿಸಿ ತೋರಿಸಲು ಬರುತ್ತದೆ. ವಿವರಿಸಲು ಬಾರದ ಭಾಗವನ್ನು ಊರಿನ ಹೆಸರಿಗೆ ಬರೆಯುವುದು ಸಾಧಕನ ದುಡಿಮೆಯಿಂದ ಕಿತ್ತುಕೊಟ್ಟಂತೆ.

ಯಾವ ಪ್ರಶಸ್ತಿಯೂ ಇಲ್ಲದೆ, ಯಾವ ಕಿರೀಟವೂ ಇಲ್ಲದೆ ಸಾಧಿಸಿದವರ ವಿಷಯವನ್ನು ಬರೆಯುವುದು ಎಲ್ಲಕ್ಕಿಂತ ಕಠಿನ, ಎಲ್ಲಕ್ಕಿಂತ ಅವಶ್ಯ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣವೇ ಆ ಹೋರಾಟದ ಕಿಡಿ, ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಬೆಂಬಲಕ್ಕೆ ನಿಂತರು, ಡಾ. ರಾಮಮನೋಹರ ಲೋಹಿಯಾ ದೂರದಿಂದ ಬಂದು ಬಂಧನಕ್ಕೊಳಗಾದರು. ಆ ಸಮಾಜವಾದಿಗಳಲ್ಲಿ ಒಬ್ಬರಾದ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಉಳುವವನೇ ನೆಲದೊಡೆಯನಾದ 1974ರ ಭೂಸುಧಾರಣೆಯ ಚರಿತ್ರೆಯನ್ನು ಬರೆಯುವವರು ಕಾಗೋಡನ್ನು ಬಿಟ್ಟು ಬರೆಯಲಾರರು. ಕಾಗೋಡಿನ ರೈತನ ತಲೆಯ ಮೇಲಿದ್ದುದು ಅಡಕೆಯ ಹಾಳೆಯ ಟೊಪ್ಪಿ. ಅದಕ್ಕೆ ಗರಿ ಸಿಕ್ಕಿಸಲು ಹೋಗದೆ, ಕೊಳಗದ ವಿಷಯವನ್ನೂ, ಸೆರೆಮನೆಗೆ ನಡೆದವರ ಸಾಲನ್ನೂ ಯಥಾವತ್ತಾಗಿ ಬರೆದರೆ ಅದೇ ಅವರಿಗೆ ಸಲ್ಲುವ ಸನ್ಮಾನ. ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರು ‘ಫಣಿಯಮ್ಮ’ನನ್ನು ಬರೆದಾಗ ಮಾಡಿದ್ದೂ ಇದನ್ನೇ: ಬಾಲ್ಯದಲ್ಲಿಯೇ ವಿಧವೆಯಾಗಿ, ಊರಿನವರ ಬಾಣಂತನ ಮಾಡುತ್ತ ಬಾಳಿದ ಒಬ್ಬ ಹೆಂಗಸಿನ ದಿನಚರಿಯನ್ನು ಅವರು ವಿಶೇಷಣಗಳಿಂದ ತುಂಬಲಿಲ್ಲ, ಆದರೂ ಓದಿ ಮುಗಿಸಿದವರಿಗೆ ಅವಳ ಮಹತ್ತ್ವವನ್ನು ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ಬಿನ್ನವತ್ತಳೆಯನ್ನು ಬರೆದುಕೊಡಿರೆಂದು ಊರಿನವರು ಬಂದು ಕೇಳಿದಾಗ ಸಾಮಾನ್ಯವಾಗಿ ಸನ್ಮಾನಕ್ಕೆ ಪಾತ್ರರಾಗಿರುವವರು ನಿವೃತ್ತರಾಗುತ್ತಿರುವ ಒಬ್ಬ ಅಧ್ಯಾಪಿಕೆಯೋ, ಸೂಲಗಿತ್ತಿಯೋ, ಭಾಗವತರೋ, ಸಹಕಾರ ಸಂಘದ ಹಳೆಯ ಕಾರ್ಯದರ್ಶಿಯೋ ಆಗಿರುತ್ತಾರೆ. ಬರೆಯಲು ಕುಳಿತವರು ಮೊದಲು ಆ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ಸಾವಧಾನವಾಗಿ ಕೇಳಬೇಕು: ಯಾವ ವರ್ಷ ಕೆಲಸಕ್ಕೆ ಸೇರಿದ್ದು, ಆಗ ಶಾಲೆಗೆ ಮಾಡು ಇತ್ತೇ, ಹೊಳೆಗೆ ಸಂಕವಿತ್ತೇ, ಮಳೆಗಾಲದಲ್ಲಿ ಮಕ್ಕಳನ್ನು ದಾಟಿಸುತ್ತಿದ್ದವರು ಯಾರು, ಅವರ ಕೈಯಲ್ಲಿ ಕಲಿತವರು ಈಗ ಎಲ್ಲೆಲ್ಲಿ ಇದ್ದಾರೆ. ಉತ್ತರಗಳನ್ನು ಕೇಳಿದ ಕ್ರಮದಲ್ಲಿಯೇ ಇಟ್ಟುಕೊಂಡು ಬರೆದರೆ ಒಂದು ಪುಟ ತುಂಬುತ್ತದೆ. ಮುಂಚೆ ದೊರೆತ ಗೌರವಗಳಿದ್ದು, ಈಗಿನದು ಅವುಗಳ ಸಾಲಿಗೆ ಸೇರುವಂಥದಾದರೆ ‘ಮತ್ತೊಂದು ಗರಿ’ಯನ್ನು ಕೊನೆಯ ವಾಕ್ಯದಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ; ಈ ಸನ್ಮಾನವೇ ಮೊದಲನೆಯದಾದರೆ ‘ಇದು ಮೊದಲನೆಯದು, ತಡವಾಗಿ ಬಂದುದು’ ಎಂದು ನೇರವಾಗಿ ಬರೆಯಬೇಕು. ಕರಡನ್ನು ಅಚ್ಚಿಗೆ ಕೊಡುವ ಮುನ್ನ ಅವರ ಮುಂದೆ ಒಮ್ಮೆ ಓದಿ, ವರ್ಷಗಳನ್ನೂ ಊರಿನ ಹೆಸರನ್ನೂ ತಂದೆತಾಯಿಯರ ಹೆಸರನ್ನೂ ಅವರ ಬಾಯಿಂದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು.